ಮಸುಕು ಗೆರೆಗಳ ಮುದಿ ನಕ್ಷತ್ರಗಳು

ತರಗತಿಯಲ್ಲಿ ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬರಲಿಲ್ಲ ಎಂದುಕೊಳ್ಳಿ. ಹುಡುಗ ಆ ದಿನ ಶಾಲೆಗೇ ಬಂದಿಲ್ಲದಿರಬಹುದು. ಬಂದಿದ್ದರೂ ಹಿಂದಿನ ಬೆಂಚಿನಲ್ಲಿ ಪಕ್ಕದವನೊಡನೆ ಮಾತಿನಲ್ಲಿ ಮೈಮರೆತಿರಬಹುದು. ಅಥವಾ ಬಾಗಿಲ ಹೊರಗೆ ನಿಂತಿರಬಹುದು. ಮೂರು ಸಂದರ್ಭಗಳಲ್ಲೂ ಮೇಷ್ಟರಿಗೆ ಸಿಗುವುದು ಮೌನ ಮಾತ್ರ. ಪುಸ್ತಕದಿಂದ ತಲೆಯೆತ್ತಿ ನೋಡದೆ ಗೈರುಹಾಜರಿ ಹಾಕಿಬಿಟ್ಟರೆ ಲೆಕ್ಕ ತಪ್ಪುತ್ತದೆ.

ನಕ್ಷತ್ರಗಳಲ್ಲಿ ಯಾವ ಧಾತು ಎಷ್ಟಿದೆ ಎಂದು ಅಳೆಯುವವರ ಪಾಡೂ ಇದೇ. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಹರಡಿದರೆ ದೊರೆಯುವ ರೋಹಿತದಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ನಕ್ಷತ್ರದ ಹೊರವಾತಾವರಣದಲ್ಲಿರುವ ಪರಮಾಣುಗಳು ತಮಗೆ ಹೊಂದುವ ತರಂಗಾಂತರದ ಬೆಳಕನ್ನು ಹೀರಿಕೊಂಡದ್ದರ ಗುರುತುಗಳು ಅವು. ಸೂರ್ಯನ ರೋಹಿತದಲ್ಲಿ ಇಂತಹ ಗೆರೆಗಳು ಸಾವಿರಾರು, ಕಬ್ಬಿಣದ್ದಂತೂ ಗಿಜಿಗುಟ್ಟುತ್ತವೆ. ಆದರೆ ಕೆಲವು ನಕ್ಷತ್ರಗಳ ರೋಹಿತ ಬಹುಪಾಲು ಖಾಲಿ. ಕಬ್ಬಿಣದ ಹೆಸರು ಕೂಗಿದರೆ ಕ್ಷೀಣ ದನಿಯೊಂದು ಕೇಳಿದರೆ ಕೇಳಿತು, ಇಲ್ಲದಿದ್ದರೆ ಇಲ್ಲ. ಇಂತಹ ನಕ್ಷತ್ರಗಳನ್ನು ಲೋಹ ವಿರಳ ನಕ್ಷತ್ರಗಳು ಎನ್ನುತ್ತಾರೆ. ನಮ್ಮ ಆಕಾಶಗಂಗೆಯ ಅತ್ಯಂತ ಹಳೆಯ ನಿವಾಸಿಗಳು ಇವುಗಳಲ್ಲೇ ಇದ್ದಾರೆ. ಗೆರೆ ಕಾಣದಿದ್ದರೆ ಧಾತು ನಿಜವಾಗಿಯೂ ಇಲ್ಲವೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳಿಗೆ ಸುಮಾರು ನೂರು ವರ್ಷ ಹಿಡಿಯಿತು. ಅದರಲ್ಲಿ ಒಂದು ಮುಖ್ಯ ಅಧ್ಯಾಯ ಬರೆದವರು ಬಿಟಿಎಂ ಲೇಔಟಿಗೆ ಹೊಂದಿಕೊಂಡಿರುವ ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು.

ಮೊದಲು ಒಂದು ಪದದ ತಕರಾರನ್ನು ಮುಗಿಸಿಕೊಳ್ಳೋಣ. ಖಗೋಳ ವಿಜ್ಞಾನಿಗಳಿಗೆ ಹೈಡ್ರೋಜನ್ ಮತ್ತು ಹೀಲಿಯಮ್ ಬಿಟ್ಟು ಉಳಿದುದೆಲ್ಲ ‘ಲೋಹ’. ಕಾರ್ಬನ್ನೂ ಲೋಹ, ಆಕ್ಸಿಜನ್ನೂ ಲೋಹ, ಗಂಧಕವೂ ಲೋಹ! ರಸಾಯನ ವಿಜ್ಞಾನದ ಉತ್ತರಪತ್ರಿಕೆಯಲ್ಲಿ ಹೀಗೆ ಬರೆದರೆ ಅಂಕ ಸಿಗದು. ಆದರೂ ರೂಢಿ ಹಾಗೆ ಬಂದಿದೆ. ನಾವೂ ಅದನ್ನೇ ಅನುಸರಿಸೋಣ. ಮಹಾಸ್ಫೋಟದ ಮೊದಲ ನಿಮಿಷಗಳಲ್ಲಿ ರೂಪುಗೊಂಡದ್ದು ಹೈಡ್ರೋಜನ್, ಹೀಲಿಯಮ್ ಮತ್ತು ಅತಿ ಸ್ವಲ್ಪ ಲಿಥಿಯಮ್. ಕಾರ್ಬನ್ನಿನಿಂದ ಕಬ್ಬಿಣದವರೆಗಿನ ಧಾತುಗಳು, ಅದರಾಚೆಯ ಬೇರಿಯಮ್, ಯೂರೋಪಿಯಮ್ ಮುಂತಾದವು ನಕ್ಷತ್ರಗಳ ಒಡಲಿನಲ್ಲಿ ಅಥವಾ ಅವುಗಳ ಸಾವಿನ ಸಂದರ್ಭದಲ್ಲಿ ಹುಟ್ಟಿದವು. ಪ್ರತಿ ಪೀಳಿಗೆಯ ನಕ್ಷತ್ರ ಸತ್ತಾಗಲೂ ಸುತ್ತಲಿನ ಅನಿಲದಲ್ಲಿ ಲೋಹಾಂಶ ಸ್ವಲ್ಪ ಸ್ವಲ್ಪ ಏರುತ್ತ ಹೋಯಿತು. ಸೂರ್ಯ ಹುಟ್ಟಿದ್ದು ಸುಮಾರು 460 ಕೋಟಿ ವರ್ಷಗಳ ಹಿಂದೆ. ಅಷ್ಟರಲ್ಲಿ ಹಲವು ಪೀಳಿಗೆಗಳು ಆಗಿಹೋಗಿದ್ದವು. ಸೂರ್ಯನಲ್ಲಿ ಸುಮಾರು 31,000 ಹೈಡ್ರೋಜನ್ ಪರಮಾಣುಗಳಿಗೆ ಒಂದು ಕಬ್ಬಿಣದ ಪರಮಾಣು ಇದೆ. ಇದಕ್ಕಿಂತ ಬಹಳ ಕಡಿಮೆ ಕಬ್ಬಿಣವಿರುವ ನಕ್ಷತ್ರ ಬಹಳ ಮೊದಲೇ ಹುಟ್ಟಿರಬೇಕು ಎಂಬುದು ತರ್ಕ.

ಅಳತೆಗೆ ಒಂದು ಸರಳ ಮಾನವಿದೆ. ಸೂರ್ಯನ ಲೋಹಾಂಶವನ್ನು ಸೊನ್ನೆ ಎಂದಿಟ್ಟುಕೊಂಡು ಹತ್ತರ ಘಾತಗಳಲ್ಲಿ ಎಣಿಸುತ್ತಾರೆ. −1 ಎಂದರೆ ಕಬ್ಬಿಣ ಸೂರ್ಯನಲ್ಲಿರುವುದರ ಹತ್ತನೇ ಒಂದು ಪಾಲು. −2 ಎಂದರೆ ನೂರನೇ ಒಂದು. −3 ಎಂದರೆ ಸಾವಿರದಲ್ಲಿ ಒಂದು. ಲೋಹಾಂಶ −3 ಇರುವ ನಕ್ಷತ್ರದಲ್ಲಿ ಒಂದು ಕಬ್ಬಿಣದ ಪರಮಾಣು ಸಿಗಬೇಕಾದರೆ ಮೂರು ಕೋಟಿಗೂ ಹೆಚ್ಚು ಹೈಡ್ರೋಜನ್ ಪರಮಾಣುಗಳನ್ನು ದಾಟಿ ಹೋಗಬೇಕು.

ಸಹಾ ಕಲಿಸಿದ ಪಾಠ

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ರೋಹಿತ ರೇಖೆಗಳಿಂದ ಧಾತುಗಳನ್ನು ಗುರುತಿಸುವ ವಿದ್ಯೆ ಚೆನ್ನಾಗಿ ಬೆಳೆದಿತ್ತು. ಯಾವ ಗೆರೆ ಯಾವ ಧಾತುವಿನದೆಂದು ಹೇಳಬಹುದಾಗಿತ್ತು. ಎಷ್ಟು ಧಾತು ಇದೆ ಎಂದು ಹೇಳಲು ಆಗುತ್ತಿರಲಿಲ್ಲ. ಗೆರೆ ದಟ್ಟವಾಗಿದ್ದರೆ ಧಾತು ಹೇರಳ, ಮಸುಕಾಗಿದ್ದರೆ ವಿರಳ ಎಂದುಕೊಳ್ಳುವುದು ಸಹಜವೇ. ಆದರೆ ಹಾಗೆ ಹೊರಟರೆ ಲುಬ್ಧಕ ನಕ್ಷತ್ರ ಬಹುಮಟ್ಟಿಗೆ ಹೈಡ್ರೋಜನ್ನಿನದು, ಸೂರ್ಯ ಕ್ಯಾಲ್ಸಿಯಮ್ ಮತ್ತು ಕಬ್ಬಿಣದ್ದು, ಕೆಂಪು ನಕ್ಷತ್ರಗಳು ಇನ್ನೇನೋ ಎಂದು ಒಂದೊಂದು ನಕ್ಷತ್ರಕ್ಕೂ ಒಂದೊಂದು ಜಾತಿ ಹೇಳಬೇಕಾಗುತ್ತಿತ್ತು.

ಕಲ್ಕತ್ತೆಯ ಯುವಕ ಮೇಘನಾದ ಸಹಾ 1920ರಲ್ಲಿ ಪ್ರಕಟಿಸಿದ ಅಯಾನೀಕರಣ ಸಮೀಕರಣ ಈ ತೊಡಕನ್ನು ಬಿಡಿಸಿತು. ಒಂದು ನಿರ್ದಿಷ್ಟ ಉಷ್ಣತೆ ಮತ್ತು ಒತ್ತಡದಲ್ಲಿ ಒಂದು ಧಾತುವಿನ ಎಷ್ಟು ಪರಮಾಣುಗಳು ಇಲೆಕ್ಟ್ರಾನ್ ಕಳೆದುಕೊಂಡಿರುತ್ತವೆ, ಎಷ್ಟು ಉಳಿಸಿಕೊಂಡಿರುತ್ತವೆ ಎಂಬುದನ್ನು ಅದು ಹೇಳುತ್ತದೆ. ಗೆರೆಯನ್ನು ಮೂಡಿಸುವವು ಸರಿಯಾದ ಸ್ಥಿತಿಯಲ್ಲಿರುವ ಪರಮಾಣುಗಳು ಮಾತ್ರ. ಉಳಿದವು ಇದ್ದೂ ಮೌನವಾಗಿರುತ್ತವೆ. ನಮ್ಮ ಹೋಲಿಕೆಯಲ್ಲಿ ಇವು ಹಿಂದಿನ ಬೆಂಚಿನ ಹುಡುಗರು.

ಒಂದು ಲೆಕ್ಕ ನೋಡಿ. ಹೈಡ್ರೋಜನ್ನಿನ ದೃಗ್ಗೋಚರ ಗೆರೆಗಳು ಮೂಡಬೇಕಾದರೆ ಅದರ ಇಲೆಕ್ಟ್ರಾನು ಎರಡನೆಯ ಶಕ್ತಿಮಟ್ಟದಲ್ಲಿರಬೇಕು. ಅಲ್ಲಿಗೆ ಏರಲು 10.2 ಇಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಸೂರ್ಯನ ಮೇಲ್ಮೈಯ ಸುಮಾರು 5,800 ಕೆಲ್ವಿನ್ ಉಷ್ಣತೆಯಲ್ಲಿ ಹೀಗೆ ಏರಿ ಕುಳಿತಿರುವುದು ಸುಮಾರು 18 ಕೋಟಿ ಪರಮಾಣುಗಳಲ್ಲಿ ಒಂದು! ಕ್ಯಾಲ್ಸಿಯಮ್‌ಗೆ ಈ ಕಷ್ಟವಿಲ್ಲ. ಸೂರ್ಯನಲ್ಲಿ ಅದರ ಹೆಚ್ಚಿನ ಪರಮಾಣುಗಳು ಒಂದು ಇಲೆಕ್ಟ್ರಾನ್ ಕಳೆದುಕೊಂಡು ಅಯಾನುಗಳಾಗಿ, ಕೆಳಗಿನ ಶಕ್ತಿಮಟ್ಟದಲ್ಲೇ ಕುಳಿತು, ನೇರಳೆ ಬಣ್ಣದ ಕಡೆಯ ಎಚ್ ಮತ್ತು ಕೆ ಗೆರೆಗಳನ್ನು ಹೀರುತ್ತಿರುತ್ತವೆ. ಆದ್ದರಿಂದಲೇ ಕ್ಯಾಲ್ಸಿಯಮ್ ಕೊಂಚವೇ ಇದ್ದರೂ ಅದರ ಗೆರೆ ಎದ್ದು ಕಾಣುತ್ತದೆ. ಹೈಡ್ರೋಜನ್ ಸಾಗರದಷ್ಟಿದ್ದರೂ ಅದರ ಗೆರೆ ಸಾಧಾರಣ.

ಸಹಾನ ಸಮೀಕರಣವನ್ನು ನಕ್ಷತ್ರಗಳ ರೋಹಿತಗಳಿಗೆ ಕ್ರಮಬದ್ಧವಾಗಿ ಅನ್ವಯಿಸಿದವಳು ಹಾರ್ವರ್ಡ್ ವೀಕ್ಷಣಾಲಯದಲ್ಲಿದ್ದ ಸಿಸಿಲಿಯಾ ಪೇಯ್ನ್. ಆಕೆಯ 1925ರ ಸಂಶೋಧನ ಪ್ರಬಂಧದ ಪ್ರಕಾರ ನಕ್ಷತ್ರಗಳಲ್ಲಿ ಹೈಡ್ರೋಜನ್ ಉಳಿದೆಲ್ಲ ಧಾತುಗಳಿಗಿಂತ ಅಗಾಧವಾಗಿ ಹೆಚ್ಚು. ಹಿರಿಯ ಖಗೋಳಜ್ಞ ಹೆನ್ರಿ ನಾರಿಸ್ ರಸೆಲ್ ಇದನ್ನು ಒಪ್ಪಲಿಲ್ಲ. ಪೇಯ್ನ್ ತನ್ನದೇ ಫಲಿತಾಂಶ ಬಹುತೇಕ ಖಚಿತವಾಗಿ ವಾಸ್ತವವಲ್ಲ ಎಂಬ ಒಂದು ವಾಕ್ಯವನ್ನು ಸೇರಿಸಬೇಕಾಯಿತು. 1929ರಲ್ಲಿ ರಸೆಲ್ ಬೇರೆ ದಾರಿಯಿಂದ ಅದೇ ತೀರ್ಮಾನಕ್ಕೆ ಬಂದ. ಈ ಪ್ರಸಂಗವನ್ನು ನೆನಪಿನಲ್ಲಿಡಿ. ಇಂತಹದೇ ಇನ್ನೊಂದು ಇಪ್ಪತ್ತೈದು ವರ್ಷಗಳಲ್ಲಿ ನಡೆಯಲಿತ್ತು.

ಬೇಡವಾದ ಫಲಿತಾಂಶ

ಪೇಯ್ನ್ ಮತ್ತು ರಸೆಲ್ ಅವರ ಕೆಲಸದಿಂದ ಇನ್ನೊಂದು ಅಭಿಪ್ರಾಯವೂ ಬೇರೂರಿತು. ರೋಹಿತಗಳ ವೈವಿಧ್ಯವೆಲ್ಲ ಉಷ್ಣತೆಯ ಆಟ. ಸಾಮಾನ್ಯ ನಕ್ಷತ್ರಗಳೆಲ್ಲವೂ ಸರಿಸುಮಾರು ಒಂದೇ ಹದದ ಮಿಶ್ರಣ ಎಂಬುದು ಅದು. ಒಳ್ಳೆಯ ಪಾಠವನ್ನು ಅತಿಯಾಗಿ ಕಲಿತದ್ದಕ್ಕೆ ಇದು ನಿದರ್ಶನ.

ಎಚ್‌ಡಿ 19445 ಮತ್ತು ಎಚ್‌ಡಿ 140283 ಎಂಬ ಎರಡು ನಕ್ಷತ್ರಗಳು ಈ ಚೌಕಟ್ಟಿಗೆ ಹೊಂದುತ್ತಿರಲಿಲ್ಲ. ಇವುಗಳ ಲೋಹರೇಖೆಗಳು ಬಹಳ ಮಸುಕು. ಉಷ್ಣತೆಯ ಪಾಠದ ಪ್ರಕಾರ ಇವು ಲುಬ್ಧಕದ ಹಾಗೆ ಬಿಸಿಯಾದ ‘ಎ’ ವರ್ಗದ ನಕ್ಷತ್ರಗಳಾಗಬೇಕು. ಹಾಗೆಯೇ ವರ್ಗೀಕರಿಸಲಾಗಿತ್ತು ಕೂಡ. ಆದರೆ ಆ ವರ್ಗಕ್ಕೆ ಇರಬೇಕಾದಷ್ಟು ಪ್ರಕಾಶ ಇವುಗಳಿಗಿರಲಿಲ್ಲ. ಅದಕ್ಕಾಗಿ ಇವನ್ನು ‘ಉಪಕುಬ್ಜ’ಗಳೆಂದು ಕರೆದು ಪಕ್ಕಕ್ಕಿಡಲಾಗಿತ್ತು. 1951ರಲ್ಲಿ ಅಮೆರಿಕದ ಜೋಸೆಫ್ ಚೇಂಬರ್ಲೇನ್ ಮತ್ತು ಲಾರೆನ್ಸ್ ಆಲರ್ ಇವುಗಳ ರೋಹಿತವನ್ನು ವಿವರವಾಗಿ ವಿಶ್ಲೇಷಿಸಿದರು. ಬಣ್ಣ ಮತ್ತು ಹೈಡ್ರೋಜನ್ ಗೆರೆಗಳು ಹೇಳಿದ್ದು ಇವು ‘ಎ’ ವರ್ಗದಷ್ಟು ಬಿಸಿಯಲ್ಲ, ಸೂರ್ಯನ ಉಷ್ಣತೆಗೆ ಹತ್ತಿರದವು ಎಂದು. ಸೂರ್ಯನಷ್ಟೇ ಬಿಸಿ, ಆದರೂ ಗೆರೆಗಳು ಮಸುಕು. ಆಗ ಉಳಿಯುವುದು ಒಂದೇ ವಿವರಣೆ. ಕಬ್ಬಿಣ, ಕ್ಯಾಲ್ಸಿಯಮ್ ನಿಜವಾಗಿಯೂ ಕಡಿಮೆ. ಹುಡುಗ ಶಾಲೆಗೇ ಬಂದಿಲ್ಲ!

ಲೇಖಕರಿಗೇ ಈ ತೀರ್ಮಾನ ಹಿತವೆನಿಸಲಿಲ್ಲ. ತಮ್ಮ ವ್ಯಾಖ್ಯಾನದಿಂದ ಬರುವ ಈ ಪರಿಣಾಮವನ್ನು ಅವರು ಅಪೇಕ್ಷಣೀಯವಲ್ಲದ ಅಂಶವೆಂದೇ ಬರೆದರು. ಅವರು ಪ್ರಕಟಿಸಿದ ಕೊರತೆ ಸಂಕೋಚದ್ದು. ಎಚ್‌ಡಿ 140283ರಲ್ಲಿ ಕಬ್ಬಿಣ ಸೂರ್ಯನಲ್ಲಿರುವುದರ ಸುಮಾರು 250ನೇ ಒಂದು ಪಾಲು ಮಾತ್ರ ಎಂಬುದು ಇಂದಿನ ಅಳತೆ. ಅವರು ಹೇಳಿದ್ದಕ್ಕಿಂತ ವಾಸ್ತವ ಇನ್ನೂ ಬಡವಾಗಿತ್ತು.

ಆ ವೇಳೆಗೆ ಬೇರೆ ಸಾಕ್ಷಿಗಳೂ ಸೇರುತ್ತಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಾಸ್ ಏಂಜಲೀಸ್ ನಗರದ ದೀಪಗಳು ಆರಿದ್ದಾಗ ಮೌಂಟ್ ವಿಲ್ಸನ್‌ನಲ್ಲಿ ವಾಲ್ಟರ್ ಬಾಡೆ ದೇವಯಾನಿ ಗೆಲಾಕ್ಸಿಯ ನಕ್ಷತ್ರಗಳನ್ನು ಬಿಡಿಬಿಡಿಯಾಗಿ ಕಂಡು, ಅವುಗಳಲ್ಲಿ ಎರಡು ಬಗೆಯ ಸಮುದಾಯಗಳಿವೆ ಎಂದು 1944ರಲ್ಲಿ ಹೇಳಿದ್ದ. ಮಸುಕು ಗೆರೆಗಳ ನಕ್ಷತ್ರಗಳು ಸೂರ್ಯನ ನೆರೆಹೊರೆಯಲ್ಲಿ ಹೆಚ್ಚು ವೇಗವಾಗಿ ಓಡುತ್ತವೆ ಎಂದು ನ್ಯಾನ್ಸಿ ರೋಮನ್ 1950ರ ದಶಕದ ಆರಂಭದಲ್ಲಿ ತೋರಿಸಿದಳು. 1952ರಲ್ಲಿ ಪಾಲ್ ಮೆರಿಲ್ ಕೆಲವು ಕೆಂಪು ದೈತ್ಯಗಳಲ್ಲಿ ಟೆಕ್ನೀಷಿಯಮ್ ಗೆರೆಗಳನ್ನು ಕಂಡ. ಈ ಧಾತುವಿಗೆ ಸ್ಥಿರ ಸಮಸ್ಥಾನಿಯೇ ಇಲ್ಲ. ನಕ್ಷತ್ರದ ಆಯುಸ್ಸಿಗೆ ಹೋಲಿಸಿದರೆ ಅದು ಬೇಗ ಕ್ಷಯಿಸಿ ಮುಗಿದುಹೋಗುತ್ತದೆ. ಆದ್ದರಿಂದ ಅದು ಅಲ್ಲಿಯೇ ಇತ್ತೀಚೆಗೆ ತಯಾರಾಗಿರಬೇಕು. ನಕ್ಷತ್ರಗಳು ಧಾತುಗಳ ಕಾರ್ಖಾನೆ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿರಲಿಲ್ಲ. ಮಾರ್ಗರೆಟ್ ಮತ್ತು ಜೆಫ್ರಿ ಬರ್ಬಿಜ್, ವಿಲಿಯಮ್ ಫೌಲರ್, ಫ್ರೆಡ್ ಹಾಯ್ಲ್ 1957ರಲ್ಲಿ ಬರೆದ ದೀರ್ಘ ಪ್ರಬಂಧ ಇವೆಲ್ಲವನ್ನೂ ಒಂದು ಸಿದ್ಧಾಂತವಾಗಿ ಹೆಣೆಯಿತು. 1951ರ ಬೇಡವಾದ ಫಲಿತಾಂಶ ಆಗ ನಿರೀಕ್ಷಿತ ಫಲಿತಾಂಶವಾಯಿತು.

ಅಂದಹಾಗೆ ಎಚ್‌ಡಿ 140283 ನಮ್ಮಿಂದ ಕೇವಲ 200 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಕಾಂತಿಮಾನ ಸುಮಾರು 7.2, ಬರಿಗಣ್ಣಿಗೆ ಕಾಣದು, ಸಾಧಾರಣ ಬೈನಾಕ್ಯುಲರ್‌ಗೆ ಕಾಣುತ್ತದೆ. ಮೇ–ಜೂನ್ ರಾತ್ರಿಗಳಲ್ಲಿ ತುಲಾ ರಾಶಿಯ ಬೀಟಾ ನಕ್ಷತ್ರದಿಂದ ಪೂರ್ವಕ್ಕೆ ಆರೂವರೆ ಡಿಗ್ರಿಯಷ್ಟು ಸರಿದು, ನಕ್ಷೆಯ ನೆರವಿನಿಂದ ಹುಡುಕಬೇಕು. ಬನಶಂಕರಿ, ಜಯನಗರಗಳ ಬೀದಿದೀಪಗಳ ನಡುವೆ ಇದು ಕಷ್ಟ. ಊರಾಚೆ ಹೋದವರಿಗೆ ಸುಲಭ. 2013ರಲ್ಲಿ ಹಬಲ್ ದೂರದರ್ಶಕದ ಅಳತೆಗಳಿಂದ ಇದರ ವಯಸ್ಸು 1446 ಕೋಟಿ ವರ್ಷ, 80 ಕೋಟಿ ಹೆಚ್ಚುಕಡಿಮೆ ಎಂದು ಅಂದಾಜಾಯಿತು. ವಿಶ್ವದ ವಯಸ್ಸೇ 1380 ಕೋಟಿ ವರ್ಷ! ಮಗ ತಂದೆಗಿಂತ ದೊಡ್ಡವನಾದನೇ ಎಂದು ಪತ್ರಿಕೆಗಳು ಬರೆದವು. ಹೆಚ್ಚುಕಡಿಮೆಯ ಅಂಕಿಯನ್ನು ಓದಿದ್ದರೆ ಅಷ್ಟು ಗದ್ದಲ ಬೇಕಿರಲಿಲ್ಲ. ನಂತರದ ಅಂದಾಜುಗಳು ಕೆಳಗಿಳಿದಿವೆ.

ಗೆರೆಯಿಂದ ಅಂಕಿಗೆ

ಒಂದು ಗೆರೆಯಿಂದ ಧಾತುವಿನ ಪ್ರಮಾಣವನ್ನು ಹೇಗೆ ಲೆಕ್ಕ ಹಾಕುತ್ತಾರೆ? ಮೊದಲು ಗೆರೆ ಒಟ್ಟು ಎಷ್ಟು ಬೆಳಕನ್ನು ನುಂಗಿದೆ ಎಂದು ಅಳೆಯಬೇಕು. ಆ ನಷ್ಟವನ್ನು ಪೂರ್ತಿ ಕಪ್ಪಾದ ಒಂದು ಆಯತವಾಗಿ ಕಲ್ಪಿಸಿಕೊಂಡರೆ ಅದರ ಅಗಲವೇ ಗೆರೆಯ ‘ಸಮಾನ ಅಗಲ’. ಮಸುಕು ಗೆರೆಗಳಲ್ಲಿ ಪರಮಾಣುಗಳ ಸಂಖ್ಯೆ ಎರಡರಷ್ಟಾದರೆ ಸಮಾನ ಅಗಲವೂ ಎರಡರಷ್ಟಾಗುತ್ತದೆ. ದಟ್ಟ ಗೆರೆಗಳಲ್ಲಿ ಹಾಗಲ್ಲ. ನಡುಭಾಗ ಆಗಲೇ ಕಪ್ಪಾಗಿರುವುದರಿಂದ ಪರಮಾಣುಗಳು ಹೆಚ್ಚಿದರೂ ಗೆರೆ ಅಷ್ಟಾಗಿ ಬೆಳೆಯುವುದಿಲ್ಲ. ತುಂಬಿದ ಬಸ್ಸಿಗೆ ಇನ್ನಷ್ಟು ಜನ ಹತ್ತಿದ ಹಾಗೆ. ಆದ್ದರಿಂದ ನಂಬಿಕೆಗೆ ಯೋಗ್ಯವಾದವು ಮಸುಕು ಗೆರೆಗಳೇ. ಅಳೆಯಲು ಕಷ್ಟವಾದವೂ ಅವೇ.

ಸಮಾನ ಅಗಲ ಸಿಕ್ಕಿತು ಎಂದರೆ ಅರ್ಧ ದಾರಿ ಮಾತ್ರ. ನಕ್ಷತ್ರದ ಉಷ್ಣತೆ ಮತ್ತು ಮೇಲ್ಮೈ ಗುರುತ್ವ ತಿಳಿಯದೆ ಸಹಾನ ಸಮೀಕರಣಕ್ಕೆ ಕೈಹಾಕುವಂತಿಲ್ಲ. ಇಲ್ಲಿ ಒಂದು ಜಾಣ ಉಪಾಯವಿದೆ. ಕಬ್ಬಿಣದ ಒಂದೊಂದು ಗೆರೆಯೂ ಒಂದೊಂದು ಶಕ್ತಿಮಟ್ಟದಿಂದ ಹೊರಡುತ್ತದೆ. ಉಷ್ಣತೆಯನ್ನು ಸರಿಯಾಗಿ ಊಹಿಸಿದ್ದರೆ ಕೆಳಮಟ್ಟದ ಗೆರೆಗಳೂ ಮೇಲ್ಮಟ್ಟದ ಗೆರೆಗಳೂ ಕಬ್ಬಿಣದ ಒಂದೇ ಪ್ರಮಾಣವನ್ನು ಹೇಳಬೇಕು. ಹೇಳದಿದ್ದರೆ ಉಷ್ಣತೆಯನ್ನು ತಿದ್ದಬೇಕು. ಹಾಗೆಯೇ ತಟಸ್ಥ ಕಬ್ಬಿಣ ಮತ್ತು ಅಯಾನೀಕೃತ ಕಬ್ಬಿಣ ಎರಡೂ ಒಂದೇ ಉತ್ತರ ಕೊಡುವವರೆಗೆ ಗುರುತ್ವವನ್ನು ತಿದ್ದಬೇಕು. ನಕ್ಷತ್ರ ತನ್ನ ಸಾಕ್ಷಿಗಳನ್ನು ತಾನೇ ಪರಸ್ಪರ ತಾಳೆ ನೋಡುವಂತೆ ಮಾಡುವ ವಿಧಾನ ಇದು. ಹಿಂದೆ ಇದಕ್ಕೆ ತಿಂಗಳುಗಟ್ಟಲೆ ಕೈಲೆಕ್ಕ ಬೇಕಿತ್ತು; ಈಗ ಕಂಪ್ಯೂಟರ್ ಕ್ಷಣದಲ್ಲಿ ಮಾಡುತ್ತದೆ.

ಲೋಹ ವಿರಳ ನಕ್ಷತ್ರಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸೂರ್ಯನಂತಹ ನಕ್ಷತ್ರದ ವಾತಾವರಣವನ್ನು ಮಬ್ಬಾಗಿಸುವುದು ಒಂದು ಹೆಚ್ಚುವರಿ ಇಲೆಕ್ಟ್ರಾನ್ ಅಂಟಿಸಿಕೊಂಡ ಹೈಡ್ರೋಜನ್ ಅಯಾನು. ಆ ಇಲೆಕ್ಟ್ರಾನುಗಳನ್ನು ಒದಗಿಸುವವು ಬಹುಮಟ್ಟಿಗೆ ಲೋಹಗಳು. ಲೋಹ ಕಡಿಮೆಯಾದರೆ ಇಲೆಕ್ಟ್ರಾನೂ ಕಡಿಮೆ, ಮಬ್ಬೂ ಕಡಿಮೆ. ನಮ್ಮ ದೃಷ್ಟಿ ಹೆಚ್ಚು ಆಳಕ್ಕೆ ಹೋಗುತ್ತದೆ. ಹೀಗಾಗಿ ಗೆರೆಯ ಮಸುಕುತನವನ್ನಷ್ಟೇ ನೋಡಿ ಬಡತನವನ್ನು ಅಂದಾಜು ಮಾಡಿದರೆ ಅಂದಾಜು ತಪ್ಪುತ್ತದೆ. ನಕ್ಷತ್ರ ಕಾಣುವುದಕ್ಕಿಂತಲೂ ಬಡವಾಗಿರುತ್ತದೆ.

ಕೋರಮಂಗಲ, ಕವಲೂರು

1971ರಲ್ಲಿ ಸ್ವಾಯತ್ತ ಸಂಸ್ಥೆಯಾದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಬೇರುಗಳು ಕೊಡೈಕನಾಲ್ ಮತ್ತು ಅದಕ್ಕೂ ಹಿಂದಿನ ಮದರಾಸು ವೀಕ್ಷಣಾಲಯಗಳಲ್ಲಿವೆ. ವೇಣು ಬಾಪು ಅವರ ನೇತೃತ್ವದಲ್ಲಿ ಅದು ಬೆಂಗಳೂರಿಗೆ ಬಂತು. ವೀಕ್ಷಣೆಗೆ ಅವರು ಆರಿಸಿದ ತಾಣ ತಮಿಳುನಾಡಿನ ಜವಾದಿ ಬೆಟ್ಟಗಳ ಕವಲೂರು. 1972ರಲ್ಲಿ ಅಲ್ಲಿ ಒಂದು ಮೀಟರ್ ದೂರದರ್ಶಕ ಕೆಲಸ ಆರಂಭಿಸಿತು. ಬಳಿಕ 2.34 ಮೀಟರ್ ವ್ಯಾಸದ ದೊಡ್ಡ ದೂರದರ್ಶಕವನ್ನು ದೇಶದಲ್ಲೇ ನಿರ್ಮಿಸಲಾಯಿತು. ಅದರ ಕನ್ನಡಿಯನ್ನು ಎ. ಪಿ. ಜಯರಾಜನ್ ಅವರ ತಂಡ ಸಂಸ್ಥೆಯ ಬೆಂಗಳೂರಿನ ದ್ಯುತಿ ಪ್ರಯೋಗಾಲಯದಲ್ಲಿ ಉಜ್ಜಿ ಹೊಳಪಿಸಿತು. ಬಾಪು 1982ರಲ್ಲೇ ತೀರಿಕೊಂಡಿದ್ದರು. 1986ರ ಜನವರಿಯಲ್ಲಿ ದೂರದರ್ಶಕಕ್ಕೆ ಅವರ ಹೆಸರನ್ನೇ ಇಡಲಾಯಿತು.

ಈಗ ಬಾಗಿಲ ಹೊರಗೆ ನಿಂತ ಹುಡುಗನ ವಿಷಯ. ಎಚ್‌ಡಿ 52961 ಎಂಬ ನಕ್ಷತ್ರದಲ್ಲಿ ಲೋಹಾಂಶ −4.8 ಎಂದು 1991ರಲ್ಲಿ ಪ್ರಕಟವಾಯಿತು. ಎಂದರೆ ಕಬ್ಬಿಣ ಸೂರ್ಯನಲ್ಲಿರುವುದರ 60,000ದಲ್ಲಿ ಒಂದು ಪಾಲು. ಹಾಗಾದರೆ ಇದು ವಿಶ್ವದ ಮೊದಮೊದಲ ನಕ್ಷತ್ರಗಳ ಸಾಲಿನದೇ? ಇಲ್ಲ. ಇದರಲ್ಲಿ ಕಾರ್ಬನ್, ಆಕ್ಸಿಜನ್, ಗಂಧಕಗಳಿಗೆ ಅಂತಹ ಬರವಿರಲಿಲ್ಲ. ಸತುವಿನ ಪ್ರಮಾಣವೂ ಕಬ್ಬಿಣದಷ್ಟು ಕುಸಿದಿಲ್ಲ ಎಂದು ಮರುವರ್ಷ ತಿಳಿದುಬಂತು. ಸತು ಮುಖ್ಯ ಸುಳಿವು. ಸಾಮಾನ್ಯ ನಕ್ಷತ್ರಗಳಲ್ಲಿ ಸತು ಮತ್ತು ಕಬ್ಬಿಣ ಜೊತೆಜೊತೆಯಾಗಿಯೇ ಏರಿಳಿಯುತ್ತವೆ.

ಕೋರಮಂಗಲದ ಸುನೇತ್ರಾ ಗಿರಿಧರ್ ಮತ್ತು ಎನ್. ಕಾಮೇಶ್ವರ ರಾವ್, ಟೆಕ್ಸಾಸ್ ವಿಶ್ವವಿದ್ಯಾಲಯದ ಡೇವಿಡ್ ಲ್ಯಾಂಬರ್ಟ್ ಅವರೊಡನೆ ಸೇರಿ, ದೇವನೌಕಾ ಪುಂಜದ ಐಡಬ್ಲ್ಯು ಕೆರೀನಿ ಎಂಬ ನಕ್ಷತ್ರವನ್ನು ಕುರಿತು 1994ರಲ್ಲಿ ಪ್ರಬಂಧ ಪ್ರಕಟಿಸಿದರು. ಇದು ಆರ್‌ವಿ ಟಾರಿ ಎಂಬ ಬಗೆಯ, ಪ್ರಕಾಶ ಏರಿಳಿಯುವ, ಮುಪ್ಪಿನ ನಕ್ಷತ್ರ. ಇದರಲ್ಲಿ ಕಬ್ಬಿಣ ಸೂರ್ಯನ ಸುಮಾರು ಹತ್ತನೇ ಒಂದು ಪಾಲು. ಆದರೆ ಗಂಧಕ ಮತ್ತು ಸತು ಹೆಚ್ಚುಕಡಿಮೆ ಸೂರ್ಯನಲ್ಲಿರುವಷ್ಟೇ. ಒಂದೊಂದು ಧಾತುವಿನ ಕೊರತೆಯನ್ನೂ ಅದು ಅನಿಲದಿಂದ ಘನವಾಗಿ ಗಟ್ಟಿಯಾಗುವ ಉಷ್ಣತೆಯ ಎದುರಿಗೆ ಗುರುತಿಸಿ ನೋಡಿದರೆ ಚಿತ್ರ ಸ್ಪಷ್ಟ. ಕ್ಯಾಲ್ಸಿಯಮ್, ಅಲ್ಯೂಮಿನಿಯಮ್‌ನಂತಹವು 1,500 ಕೆಲ್ವಿನ್ ಮತ್ತು ಅದಕ್ಕಿಂತ ಹೆಚ್ಚಿನ ಉಷ್ಣತೆಯಲ್ಲೇ ಗಟ್ಟಿಯಾಗತೊಡಗುತ್ತವೆ, ಕಬ್ಬಿಣ ಸುಮಾರು 1,330ರಲ್ಲಿ. ಸತು ಮತ್ತು ಗಂಧಕ ಮಾತ್ರ 700 ಕೆಲ್ವಿನ್ ಆಸುಪಾಸಿನವರೆಗೂ ಅನಿಲವಾಗಿಯೇ ಉಳಿಯುತ್ತವೆ. ಬೇಗ ಗಟ್ಟಿಯಾಗುವ ಧಾತುಗಳೇ ನಕ್ಷತ್ರದಲ್ಲಿ ಹೆಚ್ಚು ಕಾಣೆಯಾಗಿದ್ದವು.

ನಡೆದದ್ದು ಮೊರದಲ್ಲಿ ಕೇರುವ ಹಾಗೆ. ಮುಪ್ಪಿನ ನಕ್ಷತ್ರ ಹೊರಚೆಲ್ಲಿದ ಅನಿಲ ತಣ್ಣಗಾಗುವಾಗ ಕಬ್ಬಿಣ ಮುಂತಾದವು ಧೂಳಿನ ಕಣಗಳಾದವು. ನಕ್ಷತ್ರದ ಬೆಳಕಿನ ಒತ್ತಡ ಧೂಳನ್ನು ಹೊರಕ್ಕೆ ತಳ್ಳಿ ದೂರ ನಿಲ್ಲಿಸಿತು. ಧೂಳಿಲ್ಲದ ಅನಿಲ ಮತ್ತೆ ನಕ್ಷತ್ರದ ಮೇಲೆ ಬಿತ್ತು. ಹೀಗೆ ಹೊರಪದರ ಕಬ್ಬಿಣವಿಲ್ಲದ ಅನಿಲದಿಂದ ಮುಚ್ಚಿಹೋಯಿತು. ಕಬ್ಬಿಣ ಎಲ್ಲೂ ಹೋಗಿಲ್ಲ, ಬಾಗಿಲ ಹೊರಗಿದೆ. ರೋಹಿತದರ್ಶಕ ನೋಡುವುದು ನಕ್ಷತ್ರದ ಹೊರಪದರವನ್ನು ಮಾತ್ರವಾದ್ದರಿಂದ ನಕ್ಷತ್ರ ಪುರಾತನವೆಂಬ ವೇಷ ತೊಟ್ಟಂತೆ ಕಾಣುತ್ತದೆ.

ಒಂದೇ ನಕ್ಷತ್ರದಿಂದ ಇಷ್ಟು ದೊಡ್ಡ ಮಾತು ಹೇಳಿದರೆ ಸಾಲದು. ಗಿರಿಧರ್, ಲ್ಯಾಂಬರ್ಟ್ ಮತ್ತು ಸಂಗಡಿಗರು ಮುಂದಿನ ಹತ್ತು ವರ್ಷಗಳಲ್ಲಿ ಒಂದರ ಹಿಂದೊಂದು ಆರ್‌ವಿ ಟಾರಿ ನಕ್ಷತ್ರವನ್ನು ವಿಶ್ಲೇಷಿಸುತ್ತ ಹೋದರು. 2005ರ ಪ್ರಬಂಧದಲ್ಲಿ ಸಂಸ್ಥೆಯ ಬಿ. ಈಶ್ವರ ರೆಡ್ಡಿ ಕೂಡ ಸೇರಿದ್ದರು. ಅವರಿಗೆ ಕಂಡ ಒಂದು ನಿಯಮ ನನಗೆ ಬಹಳ ಸೊಗಸಾಗಿ ತೋರುತ್ತದೆ. ಹುಟ್ಟಿನಿಂದಲೇ ಲೋಹಾಂಶ −1ಕ್ಕಿಂತ ಕಡಿಮೆ ಇದ್ದ ನಕ್ಷತ್ರಗಳಲ್ಲಿ ಈ ಕೇರುವಿಕೆ ನಡೆದೇ ಇರಲಿಲ್ಲ. ಧೂಳು ಮಾಡಲು ಬೇಕಾದ ಸರಕೇ ಅವುಗಳಲ್ಲಿ ಸಾಲದು. ವೇಷ ತೊಡಲೂ ಸ್ವಲ್ಪ ಆಸ್ತಿ ಬೇಕು. ಅಂದಿನಿಂದ ಮುಪ್ಪಿನ ನಕ್ಷತ್ರವೊಂದರಲ್ಲಿ ಕಬ್ಬಿಣ ಅತಿ ಕಡಿಮೆ ಎಂದು ಕಂಡರೆ ಸತು, ಗಂಧಕಗಳನ್ನು ವಿಚಾರಿಸುವುದು ಪದ್ಧತಿಯಾಗಿದೆ.

ಹಾನ್ಲೆಯ ರಾತ್ರಿಗಳು

ನಿಜವಾದ ಪುರಾತನ ನಕ್ಷತ್ರಗಳ ಶೋಧ ಈ ನಡುವೆ ದೊಡ್ಡ ಪ್ರಮಾಣದಲ್ಲಿ ಸಾಗಿತ್ತು. ಆಕಾಶದ ವಿಶಾಲ ಭಾಗಗಳನ್ನು ಛಾಯಾಫಲಕಗಳಲ್ಲಿ ಸೆರೆಹಿಡಿದು, ಕ್ಯಾಲ್ಸಿಯಮ್‌ನ ಎಚ್ ಮತ್ತು ಕೆ ಗೆರೆಗಳು ಮಸುಕಾಗಿರುವ ನಕ್ಷತ್ರಗಳನ್ನು ಆರಿಸುವ ಕೆಲಸವನ್ನು ಅಮೆರಿಕದ ಜಾರ್ಜ್ ಪ್ರೆಸ್ಟನ್, ಸ್ಟೀಫನ್ ಶೆಕ್ಟ್‌ಮನ್ ಮತ್ತು ತಿಮೊತಿ ಬಿಯರ್ಸ್ 1980ರ ದಶಕದಲ್ಲಿ ಮುನ್ನಡೆಸಿದರು. ಉಳಿದೆಲ್ಲ ಗೆರೆ ಮಾಯವಾದರೂ ಕೊನೆಗೆ ಉಳಿಯುವವು ಇವೇ ತಾನೇ? 2002ರಲ್ಲಿ ನಾರ್ಬರ್ಟ್ ಕ್ರಿಸ್ಟ್‌ಲೀಬ್ ತಂಡ ಎಚ್‌ಇ 0107-5240 ನಕ್ಷತ್ರದಲ್ಲಿ ಕಬ್ಬಿಣ ಎರಡು ಲಕ್ಷದಲ್ಲಿ ಒಂದು ಪಾಲು ಎಂದು ವರದಿ ಮಾಡಿತು. 2014ರಲ್ಲಿ ಆಸ್ಟ್ರೇಲಿಯದ ತಂಡವೊಂದು ಕಂಡ ನಕ್ಷತ್ರದಲ್ಲಿ ಕಬ್ಬಿಣದ ಒಂದು ಗೆರೆಯೂ ಸಿಗಲಿಲ್ಲ. ಇದ್ದರೆ ಸೂರ್ಯನ ಒಂದು ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಎಂದಷ್ಟೇ ಹೇಳಲು ಸಾಧ್ಯವಾಯಿತು. ಲೋಹವೇ ಇಲ್ಲದ ಮೊದಲ ಪೀಳಿಗೆಯ ನಕ್ಷತ್ರ ಇನ್ನೂ ಕೈಗೆ ಸಿಕ್ಕಿಲ್ಲ.

ನಮ್ಮವರಿಗೆ ಈ ಶೋಧದಲ್ಲಿ ಭಾಗವಹಿಸಲು ಎತ್ತರದ, ಒಣಹವೆಯ ತಾಣ ಬೇಕಿತ್ತು. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ಸ್ಥಾಪಿಸಿದ ಎರಡು ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕ 2000ದ ಸೆಪ್ಟೆಂಬರ್‌ನಲ್ಲಿ ಮೊದಲ ಬೆಳಕು ಕಂಡಿತು. ಅದನ್ನು ನಡೆಸುವುದು ಬೆಂಗಳೂರಿನ ಹೊರವಲಯದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಹೊಸಕೋಟೆಯಲ್ಲಿ ಮಳೆ ಸುರಿಯುತ್ತಿರುವಾಗಲೂ ಕೊಠಡಿಯಲ್ಲಿ ಕುಳಿತವರು ಹಿಮಾಲಯದ ನಿರಭ್ರ ಆಕಾಶ ನೋಡುತ್ತಿರಬಹುದು.

ಕೋರಮಂಗಲದ ಅರುಣಾ ಗೋಸ್ವಾಮಿ ಈ ದೂರದರ್ಶಕದಿಂದ ಕಾರ್ಬನ್ ಹೇರಳವಾದ ಮಂದ ನಕ್ಷತ್ರಗಳ ರೋಹಿತಗಳನ್ನು ಪಡೆದು, ಅವುಗಳಲ್ಲಿ ‘ಸಿಎಚ್’ ಎಂಬ ಬಗೆಯ ನಕ್ಷತ್ರಗಳನ್ನು 2005ರಲ್ಲಿ ಗುರುತಿಸಿದರು. ಇಲ್ಲಿಯೂ ಒಂದು ಪತ್ತೇದಾರಿಯಿದೆ. ಇಂತಹ ನಕ್ಷತ್ರಗಳಿಗೆ ಸಾಮಾನ್ಯವಾಗಿ ಒಂದು ಜೊತೆಗಾರ ಇರುತ್ತದೆ. ಅದು ತನ್ನ ಮುಪ್ಪಿನಲ್ಲಿ ತಯಾರಿಸಿದ ಕಾರ್ಬನ್, ಬೇರಿಯಮ್‌ಗಳನ್ನು ಇದರ ಮೇಲೆ ಸುರಿದು ತಾನು ಶ್ವೇತಕುಬ್ಜವಾಗಿ ಅಡಗಿರುತ್ತದೆ. ಹಾಗಾಗಿ ಮೈಮೇಲೆ ಕಾಣುವ ಕಾರ್ಬನ್ ನಕ್ಷತ್ರದ ಸ್ವಂತದ್ದೋ ನೆರೆಯವರದೋ ಎಂದು ಬೇರಿಯಮ್, ಯೂರೋಪಿಯಮ್ ಗೆರೆಗಳಿಂದ ನಿರ್ಧರಿಸಬೇಕು. ಅದಕ್ಕೆ ಬೇಕಾದ ಸೂಕ್ಷ್ಮ ರೋಹಿತ ಆಗ ಹಾನ್ಲೆಯಲ್ಲಿ ಸಿಗುತ್ತಿರಲಿಲ್ಲ. 2006ರ ಮುಂದಿನ ಪ್ರಬಂಧಕ್ಕೆ ಜಪಾನಿನ 8.2 ಮೀಟರ್ ಸುಬಾರು ದೂರದರ್ಶಕದ ರೋಹಿತಗಳು ಬೇಕಾದವು. ಕನ್ನಡಿಯ ವಿಸ್ತೀರ್ಣ ಸುಮಾರು ಹದಿನೇಳು ಪಟ್ಟು. ಅಲ್ಲಿ ಒಂದು ಗಂಟೆಯಲ್ಲಿ ಸೇರುವ ಬೆಳಕು ಇಲ್ಲಿ ಸೇರಲು ಎರಡು ರಾತ್ರಿ.

ಕನ್ನಡಿ ಹಿಗ್ಗಲಿಲ್ಲ, ಉಪಕರಣ ಸುಧಾರಿಸಿತು. ಕವಲೂರಿನ ದೊಡ್ಡ ದೂರದರ್ಶಕಕ್ಕೆ ದ್ಯುತಿತಂತುವಿನ ಮೂಲಕ ಜೋಡಿಸಿದ ಎಶೆಲ್ ರೋಹಿತದರ್ಶಕದ ವಿವರ 2005ರಲ್ಲಿ ಪ್ರಕಟವಾಯಿತು. ನ್ಯೂಜಿಲೆಂಡ್ ಸಹಯೋಗದಿಂದ ತಯಾರಾದ ಇನ್ನೊಂದು ಎಶೆಲ್ ರೋಹಿತದರ್ಶಕ 2015ರಲ್ಲಿ ಹಾನ್ಲೆ ತಲುಪಿತು. ಹಸಿರು ಬೆಳಕಿನಲ್ಲಿ, 500 ನ್ಯಾನೊಮೀಟರ್ ಆಸುಪಾಸಿನಲ್ಲಿ, ಒಂದು ನ್ಯಾನೊಮೀಟರ್‌ನ ನೂರಿಪ್ಪತ್ತನೇ ಒಂದು ಭಾಗದಷ್ಟು ಅಂತರವಿರುವ ಎರಡು ಗೆರೆಗಳನ್ನು ಇದು ಬೇರ್ಪಡಿಸಬಲ್ಲುದು. ಇದನ್ನು ಬಳಸಿ ಟಿ. ಶಿವರಾಣಿ ಮತ್ತು ಅವ್ರಜಿತ್ ಬಂದ್ಯೋಪಾಧ್ಯಾಯ ನಡೆಸಿದ ಸಮೀಕ್ಷೆಗೆ ‘ಗೋಂಪಾ’ ಎಂಬ ಸಂಕ್ಷಿಪ್ತ ಹೆಸರು. ಲಡಾಖಿನಲ್ಲಿ ಗೋಂಪಾ ಎಂದರೆ ಬೌದ್ಧ ಮಠ. ಹಾನ್ಲೆಯಲ್ಲೂ ಹಳೆಯ ಗೋಂಪಾ ಒಂದಿದೆ. ತಿಮೊತಿ ಬಿಯರ್ಸ್ ಈ ಕೆಲಸದಲ್ಲೂ ಪಾಲುದಾರ. 2018ರಲ್ಲಿ ಅವರು ಪ್ರಕಟಿಸಿದ ಒಂದು ನಕ್ಷತ್ರದಲ್ಲಿ ಲೋಹಾಂಶ −3.2, ಎಂದರೆ ಸೂರ್ಯನ ಸುಮಾರು 1,600ನೇ ಒಂದು ಪಾಲು. ಕಬ್ಬಿಣಕ್ಕೆ ಹೋಲಿಸಿದರೆ ಕಾರ್ಬನ್ ಹತ್ತರಷ್ಟು. ಆದರೆ ಬೇರಿಯಮ್ ಹೆಚ್ಚಿಲ್ಲ. ಆದ್ದರಿಂದ ಈ ಕಾರ್ಬನ್ ಜೊತೆಗಾರ ಸುರಿದದ್ದಲ್ಲ, ಹುಟ್ಟಿದ ಮೋಡದಲ್ಲೇ ಇದ್ದದ್ದು ಎಂದು ತಿಳಿಯಲಾಗುತ್ತದೆ. ಮೊದಲ ಪೀಳಿಗೆಯ ನಕ್ಷತ್ರಗಳು ಸಿಡಿದಾಗ ಉಗುಳಿದ ಕಾರ್ಬನ್ ಅದು ಎಂಬುದು ಇಂತಹ ನಕ್ಷತ್ರಗಳ ಬಗೆಗಿನ ಇಂದಿನ ಮುಖ್ಯ ವಿವರಣೆ.

ಅಭ್ಯರ್ಥಿ ನಕ್ಷತ್ರಗಳನ್ನು ಆರಿಸಲು ಕೃತಕ ನರಜಾಲಗಳನ್ನು ಕವಲೂರಿನ ರೋಹಿತಗಳ ಮೇಲೆ ತರಬೇತುಗೊಳಿಸುವ ಕೆಲಸವನ್ನೂ ಗಿರಿಧರ್ ಮತ್ತು ಸಂಗಡಿಗರು ಮಾಡಿದ್ದಾರೆ. ಯಂತ್ರ ಶಂಕೆ ವ್ಯಕ್ತಪಡಿಸುತ್ತದೆ. ಖಾತರಿಗೆ ಎಶೆಲ್ ಬೇಕು.

ಖಾತರಿಯಲ್ಲೂ ಒಂದು ಕೊಕ್ಕೆಯಿದೆ. ಸಹಾನ ಸಮೀಕರಣ ಅನಿಲ ಉಷ್ಣ ಸಮತೋಲದಲ್ಲಿದೆ ಎಂದು ಭಾವಿಸುತ್ತದೆ. ಲೋಹ ವಿರಳ ನಕ್ಷತ್ರದಲ್ಲಿ ಇಲೆಕ್ಟ್ರಾನುಗಳು ಕಡಿಮೆ, ಅವುಗಳ ಡಿಕ್ಕಿಗಳೂ ಕಡಿಮೆ. ಮಬ್ಬಿಲ್ಲದ ಕಾರಣ ಆಳದಿಂದ ಬರುವ ಅತಿನೇರಳೆ ಬೆಳಕು ಮಾತ್ರ ಹೆಚ್ಚು. ಆ ಬೆಳಕು ತಟಸ್ಥ ಕಬ್ಬಿಣದ ಪರಮಾಣುಗಳನ್ನು ಸಮೀಕರಣ ಹೇಳುವುದಕ್ಕಿಂತ ಹೆಚ್ಚಾಗಿ ಅಯಾನುಗಳಾಗಿಸುತ್ತದೆ. ತಟಸ್ಥ ಕಬ್ಬಿಣದ ಗೆರೆ ಇನ್ನಷ್ಟು ಮಸುಕಾಗಿ, ಲೆಕ್ಕದಲ್ಲಿ ಕಬ್ಬಿಣ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಅತಿ ಬಡ ನಕ್ಷತ್ರಗಳಲ್ಲಿ ಈ ವ್ಯತ್ಯಾಸ ಎರಡು ಪಟ್ಟಿನ ಹತ್ತಿರಕ್ಕೂ ಹೋಗಬಹುದು. ಕಾರ್ಬನ್ನಿನ ಕಥೆ ಇದಕ್ಕೆ ತಿರುಗುಮುರುಗು. ಕುದಿಯುವ ವಾತಾವರಣವನ್ನು ಸಮತಟ್ಟು ಪದರಗಳೆಂದು ಭಾವಿಸಿ ಲೆಕ್ಕ ಹಾಕಿದರೆ ಕಾರ್ಬನ್ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಹಳೆಯ ಪಟ್ಟಿಗಳಲ್ಲಿನ ಅಂಕಿಗಳನ್ನು ಈ ಎರಡೂ ತಿದ್ದುಪಡಿಗಳೊಡನೆ ಮತ್ತೆ ಲೆಕ್ಕ ಹಾಕುವ ಕೆಲಸ ನಡೆದಿದೆ. ಕಬ್ಬಿಣ ಸ್ವಲ್ಪ ಮೇಲೇರಿ ಕಾರ್ಬನ್ ಸ್ವಲ್ಪ ಕೆಳಗಿಳಿದರೆ, ಕಾರ್ಬನ್ ಹೇರಳವೆಂದು ಈವರೆಗೆ ಪಟ್ಟಿಮಾಡಿದ ನಕ್ಷತ್ರಗಳಲ್ಲಿ ಒಂದಷ್ಟು ಆ ಪಟ್ಟಿಯಿಂದ ಹೊರಬೀಳುತ್ತವೆ.